ಬಳಲಿದ ಬೆಳಕು

ಮೆಜೆಸ್ಟಿಕ್ಕಿನ ಬಸ್ಸುಗಳ ಗದ್ದಲದಿಂದ ಬಿಡಿಸಿಕೊಂಡು ಕೆಂಪೇಗೌಡ ರಸ್ತೆಯಗುಂಟ ಮೈಸೂರು ಬ್ಯಾಂಕಿನ ವೃತ್ತದ ಕಡೆಗೆ ನಡೆದುಹೋಗತಕ್ಕವರಲ್ಲಿ, ಅದರ ಆಚೆಗಿರುವ ಸೆಂಟ್ರಲ್ ಕಾಲೇಜಿನತ್ತ ಕತ್ತೆತ್ತಿ ನೋಡುವವರು ವಿರಳ. ನೋಡಿದವರಲ್ಲಿಯೂ, 1928ರ ಮಾರ್ಚ್ 16ರಂದು ಸರ್ ಸಿ. ವಿ. ರಾಮನ್ನರು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ತಮ್ಮ ‘ನೂತನ ವಿಕಿರಣ’ವನ್ನು ವಿವರಿಸಿದ್ದು ಇಲ್ಲಿಯೇ ಎಂಬುದನ್ನು ನೆನೆಯುವವರು ಇನ್ನೂ ವಿರಳ. ಪಾದರಸದೀಪದ ಬೆಳಕನ್ನು ಬೆಂಜೀನಿನಂಥ ದ್ರವದಲ್ಲಿ ಹಾಯಿಸಿದಾಗ, ಚದರಿ ಬಂದ ಬೆಳಕಿನ ರೋಹಿತದಲ್ಲಿ ಮೂಲರೇಖೆಯ ಮಗ್ಗುಲಿಗೆ, ಬಹುಪಾಲು ಕೆಂಪಿನ ಕಡೆಗೆ ಜರುಗಿ, ಮಸುಕಾದ ಹೊಸ ಗೆರೆಗಳು ಮೂಡುತ್ತಿದ್ದವು. ಅಣುಗಳಿಗೆ ಒಂದಿಷ್ಟು ಶಕ್ತಿಯನ್ನು ತೆತ್ತು ಬೆಳಕು ಬಣ್ಣಗೆಡುವುದುಂಟೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಮರುವರ್ಷ, ಗೆಲಾಕ್ಸಿಗಳು ದೂರವಾದಷ್ಟೂ ಅವುಗಳ ಬೆಳಕು ಕೆಂಪಿನ ಕಡೆಗೆ ಹೆಚ್ಚುಹೆಚ್ಚಾಗಿ ಸರಿದಿರುವುದನ್ನು ಎಡ್ವಿನ್ ಹಬಲ್ ಮಹಾಶಯರು ಪ್ರಕಟಿಸಿದರು. ಅದೇ 1929ರಲ್ಲಿಯೇ ಫ್ರಿಟ್ಸ್ ಜ್ವಿಕಿಯವರು, ಗೆಲಾಕ್ಸಿಗಳು ಓಡುತ್ತಿರಬೇಕೆಂದೇನೂ ಇಲ್ಲ, ಕೋಟ್ಯಂತರ ವರ್ಷ ಪಯಣಿಸಿದ ಬೆಳಕೇ ದಾರಿಯಲ್ಲಿ ಶಕ್ತಿಗುಂದಿರಬಹುದೆಂದು ಸೂಚಿಸಿದರು. ಈ ‘ಬಳಲಿದ ಬೆಳಕಿ’ನ ವಾದವನ್ನು ಇಂದಿಗೂ ಉಪನ್ಯಾಸಗಳ ಕೊನೆಗೆ ಯಾರಾದರೊಬ್ಬರು ಎದ್ದುನಿಂತು ಎತ್ತುವುದುಂಟು, ವೇದಿಕೆಯ ಮೇಲಿನವರು ಮುಗುಳ್ನಕ್ಕು ಮುಂದಿನ ಪ್ರಶ್ನೆಗೆ ಸಾಗುವುದೂ ಉಂಟು. ಆ ನಗೆ ನನಗೆ ಸರಿದೋರದು. ರಾಮನ್ನರ ಮಾತು ಮೊಳಗಿದ ಊರಿನಲ್ಲಿ ಆ ಸಂದೇಹ ಮೂಢರದೆನ್ನಲಾದೀತೆ?

ಆದರೆ ಆ ವಾದ ನಿಲ್ಲುವುದಿಲ್ಲ. ಚದರಿದ ಬೆಳಕು ದಿಕ್ಕು ತಪ್ಪುತ್ತದೆ. ಹಾಗಾಗಿದ್ದರೆ ದೂರದ ಗೆಲಾಕ್ಸಿಗಳ ಬಿಂಬಗಳು ಕಲಸಿಹೋಗಬೇಕಾಗಿತ್ತು. ಇದಕ್ಕಿಂತ ಬಲವಾದ ಸಾಕ್ಷ್ಯ ಸೂಪರ್‌ನೋವಾಗಳದು. ಅವುಗಳಲ್ಲಿ ಒಂದು ವರ್ಗದವು ಬಹುಮಟ್ಟಿಗೆ ಒಂದೇ ತೆರನಾಗಿ ಉರಿದು ನಂದುತ್ತವೆ. 1990ರ ದಶಕದಿಂದೀಚೆಗೆ ಅಳೆದುನೋಡಲಾಗಿ, ಬೆಳಕಿನ ಅಲೆ ಒಂದೂವರೆಪಟ್ಟು ಉದ್ದವಾಗಿರುವೆಡೆಯಲ್ಲಿ, 20 ದಿನದಲ್ಲಿ ಮುಗಿಯಬೇಕಾದ ಇಳಿತಕ್ಕೆ 30 ದಿನ ಹಿಡಿಯುತ್ತದೆ. ಬಳಲಿಕೆಯು ಬಣ್ಣವನ್ನು ಕೆಡಿಸಬಲ್ಲುದೇ ಹೊರತು, ಮೊದಲ ದಿನದ ಬೆಳಕಿಗೂ ಕೊನೆಯ ದಿನದ ಬೆಳಕಿಗೂ ನಡುವಣ ಅವಧಿಯನ್ನು ಹಿಗ್ಗಿಸಲಾರದು. ದಾರಿಯೇ ಹಿಗ್ಗುತ್ತಿದ್ದರೆ ಅಲೆಯೂ ಅವಧಿಯೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ಆದರೆ ಬೆಳಕಿನ ಈ ಸರಿತಕ್ಕೆ ನಮ್ಮ ಪಾಠಗಳಲ್ಲಿ ಬರುವುದು, ದೂರವಾಗುತ್ತ ಸ್ವರ ಇಳಿಯುವ ರೈಲಿನ ಸಿಳ್ಳಿನ ಉಪಮೆಯೊಂದೇ. (ಮೆಜೆಸ್ಟಿಕ್ಕಿಗೆ ಬಂದ ಗಾಡಿ ನಿಂತುಬಿಡುವುದರಿಂದ, ಸಿಳ್ಳಿನ ಸ್ವರ ಇಳಿಯುವುದನ್ನು ಕೇಳಬಯಸುವವರು ಮಲ್ಲೇಶ್ವರದ ನಿಲ್ದಾಣದಲ್ಲಿ, ನಿಲ್ಲದೆ ಸಾಗುವ ಗಾಡಿಗಾಗಿ ಕಾದು ಕೂಡತಕ್ಕದ್ದು.) ನಮ್ಮತ್ತಲೇ ಬರುತ್ತಿರುವ ಆಂಡ್ರೊಮಿಡಾ ಗೆಲಾಕ್ಸಿಗೆ ಆ ಉಪಮೆ ಒಪ್ಪುತ್ತದೆ, ಅದರ ಬೆಳಕು ನೀಲಿಯ ಕಡೆಗೆ ಸರಿದಿರುವುದನ್ನು ಖಗೋಳಜ್ಞ ಸ್ಲೈಫರ್ 1912ರಲ್ಲಿಯೇ ಅಳೆದಿದ್ದರು. ಹಿಗ್ಗುವ ಆಕಾಶದ ವಿಷಯದಲ್ಲಿ, ಓಟಕ್ಕಿಂತ ದಾರಿಯ ಹಿಗ್ಗುವಿಕೆಯೇ ಕಾರಣವಾದ್ದರಿಂದ, ಸಿಳ್ಳು ಅರ್ಧಸತ್ಯ.

ಆದುದರಿಂದ ಚಾಮರಾಜಪೇಟೆಯ ಶಾಲೆಯೊಂದರ ಕರಿಹಲಗೆಯ ಮೇಲೆ ಕ್ಯಾಲ್ಸಿಯಮ್ಮಿನ ಎರಡು ಕಪ್ಪುಗೆರೆಗಳನ್ನು, 3,934 ಮತ್ತು 3,968 ಆಂಗ್‌ಸ್ಟ್ರಾಮ್, ಜೊತೆಗೆ ಹೈಡ್ರೊಜನ್ನಿನ 6,563ನ್ನು ಬರೆದು, ದೂರದ ಗೆಲಾಕ್ಸಿಯೊಂದರಲ್ಲಿ ಅವೇ 4,327, 4,365, 7,219 ಆಗಿ ಕಂಡರೆ ಭಾಗಿಸಿ ನೋಡಿರೆಂದು ಮಕ್ಕಳಿಗೆ ಹೇಳಬಾರದೇಕೆ? ಮೂರಕ್ಕೂ 1.1 ಎಂಬ ಒಂದೇ ಉತ್ತರ ಬರುತ್ತದೆ. ರಾಮನ್ನರ ಗೆರೆಗಳನ್ನು ಹೀಗೆ ಭಾಗಿಸಿದರೆ ಬರುವುದಿಲ್ಲ. ಹತ್ತು ನಿಮಿಷದ ಲೆಕ್ಕವಿದು, ದೂರದರ್ಶಕವೂ ಬೇಡ.