ಉಪರಾಷ್ಟ್ರಪತಿಯ ಯೋಗ್ಯತೆ

ಉಪರಾಷ್ಟ್ರಪತಿ ಪದವಿಗೆ ನಿಂತವರ ಸಾಮರ್ಥ್ಯವನ್ನು ಜನರು ಸಂಶಯಿಸಿದರೆ ನಾವು ಅದನ್ನು ಅವಿನಯವೆನ್ನಲಾರೆವು. ಆ ಪದವಿಯು ಬರಿಯ ಅಲಂಕಾರವಲ್ಲ. ಕನ್ನಡಿಗರಾದ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಳ್ಳಲು, ರಾಷ್ಟ್ರದ ಭಾರವು ಒಂದೇ ದಿನದಲ್ಲಿ ಅವರ ಹೆಗಲೇರಿತು. ಮಾರ್ಚಿನಲ್ಲಿ ಚುನಾವಣೆ ನಡೆದು ಸರಕಾರವೇ ಬದಲಾಯಿತು. ಏಪ್ರಿಲಿನಲ್ಲಿ ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಅಂಕಿತ ಹಾಕಲು ಅವರು ಕೊಂಚ ಹಿಂಜರಿದುದೇ ದೇಶದಲ್ಲಿ ಕೋಲಾಹಲವನ್ನೆಬ್ಬಿಸಿತು. ಜಮಖಂಡಿ ಸಂಸ್ಥಾನದ ಆಡಳಿತ, ಮೈಸೂರಿನ ಮುಖ್ಯಮಂತ್ರಿತ್ವ, ಒರಿಸ್ಸಾದ ರಾಜ್ಯಪಾಲತ್ವ ಇವುಗಳಲ್ಲಿ ನುರಿತವರಿಗೇ ಇಂತಹ ಪರೀಕ್ಷೆಯೊದಗಿದರೆ, ಅನುಭವವಿಲ್ಲದವರ ಪಾಡೇನು? ಆದುದರಿಂದ ಸಂಸತ್ಸದಸ್ಯರು ಮತ ನೀಡುವ ಮೊದಲು, ಇವರು ನಾಳೆಯೇ ರಾಷ್ಟ್ರಪತಿಯ ಪೀಠದಲ್ಲಿ ಕೂಡ್ರಬಲ್ಲರೇ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿ. ಮಿಶ್ರಿಕೋಟಿಯ ಪಂಚಾಯತಿಗೆ ಉಪಾಧ್ಯಕ್ಷರನ್ನು ಆರಿಸುವಾಗಲೂ ಒರೆಗಲ್ಲು ಇದೇ.