ಕರೆಂಟು ಕುಡಿಯುವ ನೀರಿಗೆ ಲೆಕ್ಕ ಎಲ್ಲಿ?



ನಮ್ಮ ಪಂಪ್‌ಸೆಟ್ಟಿನ ಮೇಲೆ ಕಣ್ಣು ಹಾಕದ ಅಧಿಕಾರಿಯಿಲ್ಲ. ರೈತ ಪುಕ್ಕಟೆ ಕರೆಂಟು ಉರಿಸುತ್ತಾನೆ, ನೀರು ಪೋಲು ಮಾಡುತ್ತಾನೆ ಅಂತ ಪಟ್ಟಣದವರು ಹೇಳದ ದಿನವಿಲ್ಲ. ಸರಿ, ಲೆಕ್ಕವನ್ನೇ ಮಾತಾಡೋಣ. ಆದರೆ ಲೆಕ್ಕ ಅಂದಮೇಲೆ ಎರಡೂ ಕಡೆಯದು ಬೇಕು. ಆ ಕರೆಂಟು ಹುಟ್ಟುವಾಗ ಎಷ್ಟು ನೀರು ಕುಡಿಯುತ್ತದೆ ಅಂತ ಯಾರಾದರೂ ನಿಮಗೆ ಹೇಳಿದ್ದಾರೆಯೇ?

ಕಲ್ಲಿದ್ದಲು ಸುಟ್ಟು ನೀರು ಕಾಯಿಸುತ್ತಾರೆ. ಅದರ ಹಬೆ ಯಂತ್ರದ ಚಕ್ರ ತಿರುಗಿಸುತ್ತದೆ. ಆ ಹಬೆಯನ್ನು ತಣಿಸಲು ಮತ್ತೆ ನೀರು ಬೇಕು. ರಾಯಚೂರಿನ ಶಕ್ತಿನಗರದ ಕಡೆ ಹೋದವರು ದೊಡ್ಡ ಗೋಪುರಗಳ ಬಾಯಿಂದ ಬೆಳ್ಳಗೆ ಏಳುವುದನ್ನು ನೋಡಿರುತ್ತೀರಿ. ಅದು ಹೊಗೆಯಲ್ಲ, ಆವಿಯಾಗಿ ಹೋಗುತ್ತಿರುವ ಕೃಷ್ಣೆಯ ನೀರು! ಬೂದಿಯನ್ನು ಕಲಸಿ ಹೊಂಡಕ್ಕೆ ಹರಿಸಲಿಕ್ಕೂ ನೀರೇ.

ಕೇಂದ್ರ ಪರಿಸರ ಇಲಾಖೆ 2015ರ ಡಿಸೆಂಬರಿನಲ್ಲಿ ಇಂಥ ಹಳೆಯ ಸ್ಥಾವರಗಳಿಗೆ ಒಂದು ಮಿತಿ ಹಾಕಿತು: ಒಂದು ಯೂನಿಟ್ಟಿಗೆ ಮೂರೂವರೆ ಲೀಟರು. ರಾಯಚೂರು ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಪೂರ್ತಿ ಓಡಿದರೆ, ಈ ಮಿತಿಯೊಳಗೇ ಇದ್ದರೂ, ದಿನಕ್ಕೆ 14 ಕೋಟಿ ಲೀಟರಿಗೂ ಹೆಚ್ಚು. ಒಂದು ಎಕರೆಗೆ ಎರಡು ಇಂಚು ನೀರು ಕಟ್ಟಲು ಸುಮಾರು 2 ಲಕ್ಷ ಲೀಟರು ಸಾಕು. ಅಂದರೆ ದಿನವೊಂದಕ್ಕೆ 700 ಎಕರೆ ತೋಯಿಸುವ ನೀರು. ದಿನಾಲೂ ಪೂರ್ತಿ ಓಡುವುದಿಲ್ಲ ಅಂತಾರೆ. ಒಪ್ಪೋಣ. ಹಾಗಾದರೆ ಓಡಿದ ದಿನದ್ದನ್ನೇ ಬರೆದು ತೋರಿಸಲಿ.

ಹೊಲಗಳಿಗೆ ಇದಕ್ಕಿಂತ ಹೆಚ್ಚು ನೀರು ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಹೌದು, ಹೋಗುತ್ತದೆ. ಬೆಳೆದದ್ದನ್ನು ಕೇಳಿದವರೂ ಉಣ್ಣುತ್ತಾರೆ. ಆದರೆ ಬೆಲೆಯ ಮಾತು ಬಂದಾಗ ನ್ಯಾಯ ನೋಡಿ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ನಿಯಮದಂತೆ ಅದರ ವ್ಯಾಪ್ತಿಯ ಸ್ಥಾವರಗಳು ನೀರಿನ ಖರ್ಚನ್ನು ಕರೆಂಟಿನ ದರಕ್ಕೆ ಸೇರಿಸಿ ವಸೂಲಿ ಮಾಡಬಹುದು. ಬೋರು ಕೊರೆಸಿದ ಸಾಲವನ್ನು ನೀವು ಭತ್ತದ ದರಕ್ಕೆ ಸೇರಿಸಬಲ್ಲಿರಾ? ಅವರಿಗೆ ಖರ್ಚಿನ ಮೇಲೆ ಬೆಲೆ, ನಮಗೆ ದಲ್ಲಾಳಿ ಹೇಳಿದ್ದೇ ಬೆಲೆ!

ಬರಗಾಲ ಬಂದರೆ ಈ ಕರೆಂಟೂ ನಿಲ್ಲುತ್ತದೆ. ಮಹಾರಾಷ್ಟ್ರದ ಪರಳಿ ಸ್ಥಾವರ 2013ರಲ್ಲಿ, ಬಂಗಾಳದ ಫರಕ್ಕಾ ಸ್ಥಾವರ 2016ರ ಮಾರ್ಚಿನಲ್ಲಿ ನೀರಿಲ್ಲದೆ ನಿಂತವು. ಫರಕ್ಕಾ ಇರುವುದು ಗಂಗೆಯ ದಂಡೆಯಲ್ಲಿ. ಗಂಗೆಯ ಗತಿಯೇ ಹೀಗಾದರೆ ಕೃಷ್ಣೆಯ ಪಾಡೇನು? ಮಳೆ ಕೈಕೊಟ್ಟ ವರ್ಷ ಕಾಲುವೆ ಒಣಗುತ್ತದೆ, ಕರೆಂಟೂ ಹೋಗುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ಒಣಗುವುದಿಲ್ಲ.

ಕರೆಂಟು ಬೇಡ ಅಂತ ನಾವು ಹೇಳುತ್ತಿಲ್ಲ. ಅದಿಲ್ಲದೆ ನಮ್ಮ ಬಾವಿಯ ನೀರೂ ಮೇಲೆ ಬರದು. ನಾವು ಕೇಳುವುದು ಇಷ್ಟೇ. ನಮ್ಮ ಪಂಪ್‌ಸೆಟ್ಟಿಗೆ ಮೀಟರು ಹಾಕಲು ಬರುವ ಮುನ್ನ, ಸ್ಥಾವರ ನದಿಯಿಂದ ಎತ್ತುವ ನೀರಿನ ಮೀಟರನ್ನು ಊರಿಗೆ ತೋರಿಸಲಿ. ತಿಂಗಳ ಲೆಕ್ಕವನ್ನು ಸುತ್ತಲಿನ ಪಂಚಾಯ್ತಿಗಳ ಬೋರ್ಡಿನ ಮೇಲೆ ಬರೆಯಲಿ. 50 ಕಿಲೋಮೀಟರಿನೊಳಗೆ ಪಟ್ಟಣದ ಕೊಳಚೆ ನೀರು ಶುದ್ಧಮಾಡುವ ಘಟಕವಿದ್ದರೆ ಆ ನೀರನ್ನೇ ಬಳಸಬೇಕೆಂದು 2016ರ ವಿದ್ಯುತ್ ದರ ನೀತಿಯೇ ಹೇಳಿದೆ. ಅದನ್ನು ನಡೆಸಲಿ.

ನೀರಾವರಿ ಸಲಹಾ ಸಮಿತಿ ಸಭೆ ಸೇರುವ ದಿನ ಹತ್ತು ಜನ ಕೂಡಿ ಹೋಗಿ. ಕಾಲುವೆಗೆ ನೀರಿಲ್ಲ ಅಂದರೆ ಸುಮ್ಮನೆ ತಿರುಗಿ ಬರಬೇಡಿ. ಸ್ಥಾವರಕ್ಕೆ ಎಷ್ಟು ಬಿಟ್ಟಿರಿ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದೇ ಎದ್ದೇಳಿ.