ಚೆಂದದ ಕತ್ತಿಗಷ್ಟೇ ಚೀಟಿ

ಜಪಾನಿನಲ್ಲಿ ಅಜ್ಜನ ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೊಂದು ಕತ್ತಿ ಸಿಕ್ಕಿತೆನ್ನಿ. ಮೊದಲು ಪೊಲೀಸರಿಗೆ ತಿಳಿಸಬೇಕು. ಅವರು ಕೊಟ್ಟ ಪತ್ರ ಹಿಡಿದು, ಸ್ಥಳೀಯ ಪ್ರಿಫೆಕ್ಚರಿನ ಶಿಕ್ಷಣ ಮಂಡಳಿ ನಡೆಸುವ ಪರೀಕ್ಷೆಗೆ ಒಯ್ಯಬೇಕು. ಅಲ್ಲಿನ ಪರಿಣತರಿಗೆ ಮುಖ್ಯವಾಗುವುದು ಇದನ್ನು ಯಾರು ಹಿಡಿದಿದ್ದರು ಎಂಬುದಲ್ಲ, ಹೇಗೆ ಮಾಡಿದ್ದಾರೆ ಎಂಬುದು.

1958ರ ಬಂದೂಕು ಮತ್ತು ಕತ್ತಿ ನಿಯಂತ್ರಣ ಕಾನೂನಿನಲ್ಲಿ ಕಲಾಕೃತಿಯಾಗಿ ಬೆಲೆಯುಳ್ಳ ಕತ್ತಿಗಷ್ಟೇ ನೋಂದಣಿ. ತಮಹಗಾನೆ ಎಂಬ ಉಕ್ಕನ್ನು ಬಡಿದು, ಮಡಿಸಿ, ನೀರಿಗದ್ದಿ ಹದಗೊಳಿಸಿದ್ದರೆ ಚೀಟಿ ಸಿಗುತ್ತದೆ. ಚೀಟಿ ಮಾಲೀಕನದಲ್ಲ, ಕತ್ತಿಯದು. ಕತ್ತಿ ಕೈ ಬದಲಿಸಿದರೆ ಅದೂ ಜೊತೆಗೆ ಹೋಗುತ್ತದೆ. ಹೊಸ ಮಾಲೀಕ 20 ದಿನದೊಳಗೆ ತಿಳಿಸಿದರಾಯಿತು.

ತೊಡಕಿರುವುದು ಯುದ್ಧಕಾಲದ ಸೈನಿಕ ಕತ್ತಿಗಳಲ್ಲಿ. ಸೈನ್ಯ ಬೆಳೆದಂತೆ ಕಮ್ಮಾರರ ಕುಲುಮೆ ಸಾಲದೆ, ಕತ್ತಿಗಳು ಕಾರ್ಖಾನೆಯ ಉಕ್ಕಿನಲ್ಲಿ ತಯಾರಾದವು. 1935ರ ಮಾದರಿಯ ಹವಾಲ್ದಾರ್ ದರ್ಜೆಯವರ ಕತ್ತಿಯಲ್ಲಂತೂ ಕ್ರಮಸಂಖ್ಯೆಯೇ ಇತ್ತು. ಇಂಥವಕ್ಕೆ ನೋಂದಣಿಯಿಲ್ಲ, ಒಪ್ಪಿಸಿ ನಾಶ ಮಾಡಿಸಬೇಕು. ಅದೇ ಸೈನಿಕ ಹಿಡಿಯೊಳಗೆ ಮನೆತನದ ಹಳೆಯ ಅಲಗೋ, ಯಾಸುಕುನಿ ದೇಗುಲದ ಆವರಣದಲ್ಲಿ 1933ರಿಂದ ನಡೆದ ಕುಲುಮೆಯ ಅಲಗೋ ಇದ್ದರೆ ಅದು ಉಳಿಯುತ್ತದೆ.

ಈ ನಿಯಮಕ್ಕೂ ಕಾರಣವಿದೆ. 1945ರಲ್ಲಿ ಮಿತ್ರರಾಷ್ಟ್ರಗಳ ಸೇನೆ ಜಪಾನೀಯರ ಕತ್ತಿಗಳನ್ನೆಲ್ಲ ಒಪ್ಪಿಸಲು ಹೇಳಿತು. (ನಮ್ಮ ಮಡಿಕೇರಿಯ ತಿಮ್ಮಯ್ಯನವರ ಬ್ರಿಗೇಡ್ ಕೂಡ ಮುಂದೆ ಜಪಾನಿನಲ್ಲಿ ಬೀಡುಬಿಟ್ಟಿತ್ತು.) ಆಗ ಅಲ್ಲಿನ ಪರಿಣತರು, ಇವು ಆಯುಧಗಳಲ್ಲ, ಕಲೆ ಎಂದು ವಾದಿಸಿ ಒಪ್ಪಿಸಿದರು. ಆ ವಾದವಿಲ್ಲದಿದ್ದರೆ ನೂರಾರು ವರ್ಷ ಹಳೆಯ ಅಲಗುಗಳೂ ಕರಗಿಹೋಗುತ್ತಿದ್ದವು.

ಆದರೆ ಅಂದಿನ ಜಾಣ್ಮೆಯನ್ನೇ ಇಂದಿಗೂ ಏಕೈಕ ಅಳತೆಗೋಲು ಮಾಡಿಕೊಂಡಿರುವುದು ನನಗೆ ಸರಿ ಕಾಣುವುದಿಲ್ಲ. ಚೆಂದದ್ದು ಉಳಿದು ಒರಟಾದದ್ದು ಕರಗಿದರೆ, ಮುಂದಿನವರ ಕಣ್ಣಿಗೆ ಕತ್ತಿಯೆಂದರೆ ಬರೀ ಸೊಬಗು. ಆ ಕಾರ್ಖಾನೆಯ ಅಲಗು ಬರ್ಮಾದಲ್ಲಿ, ಇಂಫಾಲದಲ್ಲಿ, ಚೀನಾದಲ್ಲಿ ಏನು ಮಾಡಿತೆಂಬುದಕ್ಕೆ ಸಾಕ್ಷಿ ಎಲ್ಲಿ? ಯುದ್ಧದಲ್ಲಿ ತಂದ ಕತ್ತಿಯನ್ನು ಸೈನಿಕನ ಮನೆಯವರಿಗೆ ಮರಳಿಸಹೊರಟ ಹೊರದೇಶದವರಿಗೂ ಇದೇ ಅಡ್ಡಿ. ನೋಂದಣಿಯಾಗದ ಕತ್ತಿ ಮನೆ ಸೇರುವಂತಿಲ್ಲ.

ಹಾಗಂತ ಮನೆಮನೆಯಲ್ಲೂ ಇಟ್ಟುಕೊಳ್ಳಲಿ ಎನ್ನುತ್ತಿಲ್ಲ. ಕೈದಿಗಳ ತಲೆ ಕಡಿದ ಕತ್ತಿಗಳೂ ಅವುಗಳಲ್ಲಿವೆ. ಅವನ್ನು ಪೂಜೆಗಿಡುವವರು ಹುಟ್ಟಿಕೊಳ್ಳುವ ಭಯ ಸುಳ್ಳಲ್ಲ. ಆದರೆ ಸಾರ್ವಜನಿಕ ವಸ್ತುಸಂಗ್ರಹಾಲಯಗಳು ಪ್ರದರ್ಶನಕ್ಕೆ, ಅಧ್ಯಯನಕ್ಕೆ ಇಟ್ಟುಕೊಳ್ಳಲು ಅದೇ ಕಾನೂನಿನಲ್ಲಿ ದಾರಿಯಿದೆ. ನಾಶಕ್ಕೆ ಕಳಿಸುವ ಮುನ್ನ ಒಂದು ಫೋಟೋ, ಕ್ರಮಸಂಖ್ಯೆ, ಮನೆಯವರಿಗೆ ಗೊತ್ತಿರುವ ನಾಲ್ಕು ಮಾತು ದಾಖಲಾಗಲಿ. ಬೇಕೆಂದ ವಸ್ತುಸಂಗ್ರಹಾಲಯಕ್ಕೆ ಕೇಳುವ ಅವಕಾಶವಿರಲಿ.

ನಮ್ಮಲ್ಲಿ ಕೊಡವರಿಗೆ ಆಯುಧ ಲೈಸೆನ್ಸಿನಿಂದ ವಿನಾಯಿತಿಯಿದೆ. ಅಲ್ಲಿ ಕಾನೂನು ನೋಡುವುದು ಹಿಡಿದವರ ಪರಂಪರೆಯನ್ನು. ಜಪಾನಿನಲ್ಲಿ ನೋಡುವುದು ಕತ್ತಿಯ ಕಸುಬನ್ನು. ಎರಡೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಈ ಕತ್ತಿ ಏನು ಕಂಡಿದೆ? ಅಜ್ಜ ಬಾಯಿಬಿಟ್ಟು ಹೇಳದೇ ಹೋದದ್ದನ್ನು ಕೇಳಲು ಮನೆಯವರಿಗೆ ಸಿಗುವ ಕೊನೆಯ ಅವಕಾಶವೂ ಅದೇ ಇರಬಹುದು.